ಓದುಗರ ಪ್ರಶ್ನೆ: ಒಡ್ಡು ಏರಿಸಿದ್ರ ನೀರು ಎಲ್ಲೆ ಹೋಗಬೇಕ್ರಿ?

ಹೋದ ಸಂಚಿಕೆಯಾಗ ಅಮೆರಿಕಾದ ಮಿಸಿಸಿಪ್ಪಿ ಹೊಳಿಯ ಒಡ್ಡುಗಳ ಬಗ್ಗೆ ಒಂದು ಸಣ್ಣ ಬರಹ ಹಾಕಿದ್ವಿ, ಅದಕ್ಕ ಬಂದ ಪತ್ರ ಮತ್ತ ವಾಟ್ಸಾಪ್ ಮೆಸೇಜ್ ನೋಡಿದ್ರ ಎಲ್ಲಾರೂ ಕೇಳಿದ್ದು ಅಮೆರಿಕಾದ ಬಗ್ಗೆ, ಆದ್ರ ಕೇಳೋರ ಮನಸ್ಸಿನಾಗ ಇದ್ದಿದ್ದು ಮಲಪ್ರಭಾ, ಬೆಣ್ಣಿಹಳ್ಳ, ವರದಾ. ಹಂಗಾಗಿ ಈ ಸಲ ಪೂರಾ ಅಂಕಣ ನೆರಿಗೇ ಬಿಟ್ಟೀವಿ.

ಪ್ರಶ್ನೆ: ಮಿಸಿಸಿಪ್ಪಿಗೆ ಎರಡೂ ದಂಡಿಗೆ ಸಾವಿರಾರು ಮೈಲಿ ಒಡ್ಡು ಹಾಕ್ಯಾರ ಅಂತ ಬರದಿದ್ರಿ. ನಮ್ಮ ಮಲಪ್ರಭಾಕ್ಕೂ ನವಿಲುತೀರ್ಥ ಡ್ಯಾಮಿನ ಕೆಳಗ ಹಂಗ ಎತ್ತರಕ ಒಡ್ಡು ಹಾಕಿಬಿಟ್ರ ನಮ್ಮ ತ್ರಾಸು ಮುಗೀತಲ್ರಿ, ಯಾಕ ಮಾಡವಲ್ರು?
– ರೈತರೊಬ್ಬರು, ಹೊಳೆಆಲೂರು ಹತ್ರ, ರೋಣ ತಾಲೂಕು

ಉತ್ತರ: ಒಡ್ಡು ಹಾಕಲೇಬಾರದು ಅಂತ ನಾ ಹೇಳೂದಿಲ್ರಿ, ಆದ್ರ ಬರೇ ಒಡ್ಡು ನಂಬಿ ಕುಂತ್ರ ಏನಾಗತೈತಿ ಅನ್ನೂದನ್ನ ಅಮೆರಿಕಾದವರು ಭಾಳ ದೊಡ್ಡ ಬೆಲೆ ಕೊಟ್ಟು ಕಲತಾರ, ಅದನ್ನ ಪೂರ್ತಿ ಕೇಳ್ರಿ.

ಮಿಸಿಸಿಪ್ಪಿಗೆ 31 ರಾಜ್ಯಗಳ ನೀರು ಬರತೈತಿ, ಆ ದೇಶದ ಮುಖ್ಯ ಭಾಗದ ಸುಮಾರು 40 ಪರ್ಸೆಂಟ್ ಭೂಮಿ ಮ್ಯಾಲ ಬಿದ್ದ ಮಳಿ ಕಡೀಕ ಅದೇ ಒಂದು ಹೊಳಿಗೆ ಬಂದು ಬೀಳತೈತಿ. 1852ರಾಗನ ಚಾರ್ಲ್ಸ್ ಎಲೆಟ್ ಅನ್ನೋ ಎಂಜಿನಿಯರು ಒಂದು ವರದಿ ಕೊಟ್ಟಿದ್ದ. ಒಡ್ಡು ಕಟ್ಟಿ ಹೊಳಿ ಇರುಕು ಮಾಡಿದಷ್ಟೂ ನೀರಿನ ಮಟ್ಟ ಮ್ಯಾಲ ಏರತೈತಿ, ಹಂಗಾಗಿ ಮ್ಯಾಲಿನ ಭಾಗದಾಗ ಜಲಾಶಯ ಬೇಕು, ಕೆಳಗ ಹೆಚ್ಚಿನ ನೀರು ಹೊರಗ ಹೋಗಾಕ ದಾರಿ ಬೇಕು ಅಂತ ಆಗಲೇ ಹೇಳಿಬಿಟ್ಟಿದ್ದ. ಆದ್ರ 1861ರಾಗ ಮಿಲಿಟರಿ ಎಂಜಿನಿಯರುಗಳಾದ ಹಂಫ್ರೀಸ್ ಮತ್ತ ಆಬಟ್ ಇನ್ನೊಂದು ದೊಡ್ಡ ವರದಿ ಬರದು ಎಲೆಟ್ ಮಾತನ್ನ ತಳ್ಳಿಹಾಕಿದ್ರು. 1879ರಾಗ ಮಿಸಿಸಿಪ್ಪಿ ರಿವರ್ ಕಮಿಷನ್ ಹುಟ್ಟಿತು, ಅಲ್ಲಿಂದ ಮುಂದ ಮೆಲ್ಲಕ 'ಬರೇ ಒಡ್ಡು' ಅನ್ನೂದ ಸರ್ಕಾರಿ ನೀತಿ ಆತು. ಇರುಕಿನಾಗ ನೀರು ಜೋರು ಹರದು ತಳ ಕೆತಗೊಂಡು ಹೊಳಿ ತಾನ ಆಳ ಆಗತೈತಿ ಅನ್ನೂದು ಅವರ ಲೆಕ್ಕ. ಅಂದುಕೊಂಡಷ್ಟು ಆಳ ಆಗಲಿಲ್ಲ. ನೆರಿ ಬಂದಾಗೊಮ್ಮೆ ಒಡ್ಡು ಇನ್ನಷ್ಟು ಏರಿಸಿದ್ರು, ಹಳೇ ಕಾಲದಿಂದ ನೀರು ಹೊರಗ ಹೋಗತಿದ್ದ ಕವಲುಗಳನ್ನ ಒಂದೊಂದಾಗಿ ಮುಚಗೋತ ಬಂದ್ರು.

1926ರ ಆಗಸ್ಟಿನಿಂದ ಮಳಿ ಹಿಡೀತು, ಬಿಡಲೇ ಇಲ್ಲ. 1927ರ ಏಪ್ರಿಲ್ 21ಕ್ಕ ಗ್ರೀನ್‌ವಿಲ್ ಅನ್ನೋ ಊರಿನ ಮ್ಯಾಲಿನ ಕಡೆ ಮೌಂಡ್ಸ್ ಲ್ಯಾಂಡಿಂಗ್ ಹತ್ರ ಒಡ್ಡು ಒಡೀತು, ಒಡದಿದ್ದು ಮುಕ್ಕಾಲು ಮೈಲಿ ಅಗಲ. ಅದೊಂದ ಅಲ್ಲ, ಆ ವರ್ಷ ಎಷ್ಟೋ ಕಡೆ ಒಡದು ಒಟ್ಟು ಸುಮಾರು 70,000 ಚದರ ಕಿಲೋಮೀಟರ್ ನೀರಾಗ ಹೋತು, ಅಂದ್ರ ನಮ್ಮ ಕರ್ನಾಟಕದಾಗ ಮೂರು ಪಾಲಿನ ಒಂದು ಪಾಲಿಗಿಂತ ಜಾಸ್ತಿ. ಆರು ಲಕ್ಷಕ್ಕೂ ಹೆಚ್ಚು ಮಂದಿ ಮನಿ ಬಿಟ್ಟು ಹೊರಗ ಬಿದ್ರು.

ಒಡ್ಡು ಹೆಂಗ ಒಡೀತೈತಿ ಅನ್ನೂದು ನಿಮ್ಮಂಥವರಿಗೆ ಗೊತ್ತಿರಬೇಕಾದ ವಿಷಯ, ಯಾಕಂದ್ರ ಬರೇ ಮ್ಯಾಲಿಂದ ಉಕ್ಕಿ ಒಡಿಯೂದಿಲ್ಲ. ಹೊಳಿ ಕಡೆ ನೀರು ಎತ್ತರಕ ನಿಂತಾಗ ಅದರ ಒತ್ತಡಕ್ಕ ಒಡ್ಡಿನ ಬುಡದ ಮರಳಿನ ಪದರದಾಗ ನೀರು ನುಸುಳಿ ಈ ಕಡೆ ಹೊಲದಾಗ ಗುಳುಗುಳು ಅಂತ ಮ್ಯಾಲ ಏಳತೈತಿ, ಸುತ್ತಲೂ ಸಣ್ಣ ಮರಳಿನ ಗುಡ್ಡಿ ಕಟ್ಟಗೋತೈತಿ. ತಿಳಿ ನೀರು ಬಂದ್ರ ಸ್ವಲ್ಪ ತಡಕೋಬಹುದು, ರಾಡಿ ನೀರು ಬಂತಂದ್ರ ಒಡ್ಡಿನ ಕೆಳಗಿನ ಮಣ್ಣು ಕೊಚ್ಚಿಕೊಂಡು ಹೊಂಟೈತಿ ಅಂತ ಅರ್ಥ. ಅದನ್ನ ಮುಚ್ಚಾಕ ಹೋಗಬಾರದು, ಮುಚ್ಚಿದ್ರ ಇನ್ನೊಂದು ಕಡೆ ಏಳತೈತಿ. ಅಲ್ಲಿ ಮಂದಿ ಅದರ ಸುತ್ತಲೂ ಬಾವಿ ಕಟ್ಟಿಯಂಗ ಮರಳಿನ ಚೀಲ ಪೇರಿಸಿ ನೀರನ್ನ ಅಲ್ಲೇ ಎತ್ತರಕ ನಿಲ್ಲಸತಾರ, ನಿಂತ ನೀರಿನ ಭಾರ ಕೆಳಗಿನ ಒತ್ತಡ ತಡೀತೈತಿ, ಮಣ್ಣು ಹೋಗೂದು ನಿಲ್ಲತೈತಿ. ನೂರು ವರ್ಷದ ಹಿಂದ ಹಗಲೂ ರಾತ್ರಿ ಒಡ್ಡಿನ ಮ್ಯಾಲ ಇದ ಕೆಲಸ ಮಾಡಿದ್ರು, ಈಗಲೂ ನೆರಿ ಬಂದಾಗ ಇದನ್ನ ಮಾಡತಾರ.

ಆ ಕೆಲಸ ಮಾಡಿದವರು ಯಾರು ಅನ್ನೂದು ನನಗ ಭಾಳ ಸಂಕಟ ಕೊಡೋ ಮಾತು. ಗ್ರೀನ್‌ವಿಲ್‌ದಾಗ ಸುಮಾರು 13,000 ಕಪ್ಪು ಜನಾಂಗದ ಮಂದಿ, ಹೆಚ್ಚಿನವರು ಬ್ಯಾರೇದವರ ಹತ್ತಿ ಹೊಲದಾಗ ಪಾಲಿಗೆ ದುಡಿಯೋರು, ಒಡ್ಡಿನ ಮ್ಯಾಲೇ ಸಿಕ್ಕಿಬಿದ್ರು, ಎರಡೂ ಕಡೆ ನೀರು. ಕರಕೊಂಡು ಹೋಗಾಕ ಹಡಗು ಬಂದ್ವು, ಆದ್ರ ಇವರು ಒಮ್ಮೆ ಊರು ಬಿಟ್ರ ತಿರುಗಿ ಬರೂದಿಲ್ಲ, ನಮ್ಮ ಹೊಲಕ್ಕ ಆಳು ಸಿಗೂದಿಲ್ಲ ಅಂತ ಜಮೀನ್ದಾರರು ಅವರನ್ನ ಬಿಡಲಿಲ್ಲ. ಬಂದೂಕಿನ ಕಾವಲಿನಾಗ ಕೆಲಸ ಮಾಡಿಸಿದ್ರು.

ಇನ್ನ ಕೆಳಗ ನ್ಯೂ ಆರ್ಲಿಯನ್ಸ್ ಶಹರ ಉಳಸಬೇಕಂತ ಅಲ್ಲಿನ ಬ್ಯಾಂಕಿನವರು, ದೊಡ್ಡ ಮಂದಿ ಸೇರಿ ಸರ್ಕಾರ ಒಪ್ಪಿಸಿ ಏಪ್ರಿಲ್ 29ಕ್ಕ ಶಹರದ ಕೆಳಗಿನ ಕಾರ್ನಾರ್ವನ್ ಹತ್ರ ಒಡ್ಡಿಗೆ ಡೈನಮೈಟ್ ಇಟ್ಟು ತಾವ ಒಡದ್ರು. ಸೇಂಟ್ ಬರ್ನಾರ್ಡ್ ಮತ್ತ ಪ್ಲಾಕಮಿನ್ಸ್ ಅನ್ನೋ ಎರಡು ಬಡ ಪ್ರದೇಶ ಮುಳುಗಿದ್ವು. ಪರಿಹಾರ ಕೊಡತೀವಿ ಅಂತ ಮಾತು ಕೊಟ್ಟಿದ್ರು, ಹೆಚ್ಚಿನವರ ಕೈಗೆ ಸಿಕ್ಕಿದ್ದು ಪುಡಿಗಾಸು, ಎಷ್ಟೋ ಮಂದಿಗೆ ಅದೂ ಇಲ್ಲ. ಮ್ಯಾಲಿನ ಕಡೆ ಒಡ್ಡುಗಳು ತಾವಾಗೇ ಒಡದು ಹೊಳಿ ಇಳಿಯಾಕ ಹತ್ತಿತ್ತು, ಆ ಡೈನಮೈಟ್ ಬೇಕಾಗೇ ಇರಲಿಲ್ಲ ಅಂತ ಆಮ್ಯಾಲ ಗೊತ್ತಾತು.

ಇಷ್ಟಾದ ಮ್ಯಾಲ 1928ರ ಮೇ ತಿಂಗಳಾಗ ಹೊಸ ಕಾಯ್ದೆ ಬಂತು, ಬರೇ ಒಡ್ಡಿನ ನೀತಿ ಅಲ್ಲಿಗೆ ಮುಗೀತು. ಒಡ್ಡು ಇರಲಿ, ಅದರ ಜೋಡಿ ನೀರು ಹೊರಗ ಬಿಡಾಕ ದಾರಿನೂ ಇರಲಿ ಅಂತ ತೀರ್ಮಾನ ಆತು. ಅದರಾಗ ಬೋನೆ ಕ್ಯಾರೆ ಅನ್ನೋ ಕೋಡಿ 1931ಕ್ಕ ಮುಗೀತು, ನ್ಯೂ ಆರ್ಲಿಯನ್ಸ್‌ಗಿಂತ ಸುಮಾರು 30 ಮೈಲಿ ಮ್ಯಾಲ ಐತಿ. ಇದಕ್ಕ ಮೋಟಾರ್ ಗೇಟ್ ಇಲ್ರಿ. ಒಟ್ಟು 350 ಕಿಂಡಿ, ಒಂದೊಂದು ಕಿಂಡಿಯಾಗ 20 ಕಟ್ಟಿಗಿ ತೊಲಿ ನಿಂದರಿಸಿರತಾರ, ನೀರು ಬಿಡಬೇಕಾದಾಗ ಹಳಿ ಮ್ಯಾಲ ಕ್ರೇನ್ ಬಂದು ಒಂದೊಂದ ತೊಲಿ ಹಿಡದು ಮ್ಯಾಲ ಎಳದು ಇಡತೈತಿ, ನೀರು ಪಕ್ಕದ ಪಾಂಚರ್ಟ್ರೇನ್ ಅನ್ನೋ ದೊಡ್ಡ ಸರೋವರಕ್ಕ ಹೋಗಿ ಅಲ್ಲಿಂದ ಸಮುದ್ರ ಸೇರತೈತಿ. 1937ರಾಗ ಮೊದಲ ಸಲ ತಗದ್ರು. 90 ವರ್ಷ ಆದ್ರೂ ಅದ ವ್ಯವಸ್ಥಾ ನಡದೈತಿ.

ಈಗ ನಿಮ್ಮ ಪ್ರಶ್ನೆಗೆ ಬರ್ರಿ. ನಿಮ್ಮ ದಂಡಿಗೆ ಒಡ್ಡು ಏರಿಸಿದ್ರ ಆ ನೀರು ಎದುರಿನ ದಂಡಿಯವರಿಗೆ ಹೋಗತೈತಿ, ಅವರೂ ಏರಿಸಿದ್ರ ಕೆಳಗಿನ ಊರಿಗೆ ಹೋಗತೈತಿ. ಜೊತಿಗೆ ಊರೊಳಗಿನ ಮಳಿ ನೀರು, ಗಟಾರ ನೀರು ಹೊಳಿಗೆ ಹೋಗಾಕ ದಾರಿ ಇಲ್ಲದ ಒಡ್ಡಿನ ಈ ಕಡೆನ ನಿಲ್ಲತೈತಿ, ಪಂಪ್ ಹಚ್ಚಿ ತಗೀಬೇಕು, ಕರೆಂಟ್ ಇರೋದು ಯಾವಾಗ ಅಂತ ನಿಮಗ ಗೊತ್ತ ಐತಿ. ಒಡ್ಡು ಕೇಳೂದಾದ್ರ ಹೊಳಿ ದಂಡಿ ಬಿಟ್ಟು ಹಿಂದಕ್ಕ ಸರಿಸಿ, ಊರಿನ ಸುತ್ತಷ್ಟ ಕೇಳ್ರಿ, ನಡುವಿನ ಹೊಲಕ್ಕ ನೆರಿ ಬರೂದು ಬರಲಿ, ಅದಕ್ಕ ಖಾತ್ರಿ ಪರಿಹಾರ ಬರದು ಕೊಡ್ರಿ ಅಂತ ಕೇಳ್ರಿ.

ಪ್ರಶ್ನೆ: ಒಂದೂರು ಉಳಸಾಕ ಇನ್ನೊಬ್ಬರ ಹೊಲ ಮುಳುಗಸೂದು ಅಲ್ಲಿನ ಕಾನೂನಿನಾಗ ನಡೀತೈತೇನ್ರಿ?
– ವಕೀಲರೊಬ್ಬರು, ಗದಗ

ಉತ್ತರ: ನಡೀತೈತ್ರಿ, ಆದ್ರ ಮುಂಚೇನ ಹಕ್ಕು ಖರೀದಿ ಮಾಡಿಟ್ಟಿರಬೇಕು. 1928ರ ಕಾಯ್ದೆ ಪ್ರಕಾರ ಮಿಸೌರಿ ರಾಜ್ಯದಾಗ ಬರ್ಡ್ಸ್ ಪಾಯಿಂಟ್‌ನಿಂದ ನ್ಯೂ ಮ್ಯಾಡ್ರಿಡ್ ತನಕ ಸುಮಾರು 1,30,000 ಎಕರೆ ಬಯಲನ್ನ ನೆರಿ ನೀರಿಗೆ ಅಂತ ಗುರುತು ಮಾಡಿದ್ರು, ಬೇಕಾದಾಗ ನಿಮ್ಮ ಹೊಲದ ಮ್ಯಾಲ ನೀರು ಬಿಡತೀವಿ ಅಂತ ಮಾಲಕರಿಗೆ ರೊಕ್ಕ ಕೊಟ್ಟು ಹಕ್ಕು ಬರಿಸಿಕೊಂಡ್ರು. 1937ರಾಗ ಒಮ್ಮೆ ಬಿಟ್ಟಿದ್ರು. ಆಮ್ಯಾಲ ಎರಡು ಮೂರು ತಲಿಮಾರು ಆಗಿ ಎಲ್ಲಾರೂ ಮರತ ಮ್ಯಾಲ 2011ರಾಗ ದೊಡ್ಡ ನೆರಿ ಬಂತು, ಎದುರು ದಂಡಿಯ ಕೈರೋ ಊರು ಮುಳುಗೂ ಹಂಗ ಆತು. ಮಿಸೌರಿ ರಾಜ್ಯ ಸುಪ್ರೀಂ ಕೋರ್ಟ್ ತನಕ ಹೋತು, ಕೋರ್ಟ್ ತಡೀಲಿಲ್ಲ, ಮೇ 2ರ ರಾತ್ರಿ ಒಡ್ಡಿಗೆ ಸ್ಫೋಟಕ ಇಟ್ಟು ಒಡದ್ರು. ಕೈರೋ ಉಳೀತು. ಆ ಬಯಲಿನಾಗ ಪಿನ್‌ಹುಕ್ ಅಂತ ಕಪ್ಪು ರೈತರ ಒಂದು ಸಣ್ಣ ಊರಿತ್ತು, ಅದು ಪೂರಾ ಹಾಳಾತು, ಆ ಮಂದಿ ತಿರುಗಿ ಒಂದ ಕಡೆ ಮನಿ ಕಟ್ಟಿಕೊಳ್ಳಾಕ ವರ್ಷಗಟ್ಟಲೆ ಅಲದಾಡಿದ್ರು. ರೊಕ್ಕ ತಗೊಂಡವರು ಯಾವಾಗಿನ ಮಾಲಕರೋ, ನೀರಾಗ ಹೋದವರು ಇವತ್ತಿನ ಮಂದಿ.

ನಿಮಗ ಕಾನೂನಿನ ಆಸಕ್ತಿ ಇದ್ದಿದ್ದಕ್ಕ ಇನ್ನೆರಡು ಮಾತು. ಅದೇ 1928ರ ಕಾಯ್ದೆಯಾಗ ನೆರಿ ನೀರಿನಿಂದ ಎಲ್ಲೇ ಏನೇ ಹಾನಿ ಆದ್ರೂ ಕೇಂದ್ರ ಸರ್ಕಾರದ ಮ್ಯಾಲ ಹೊಣಿ ಇಲ್ಲ ಅಂತ ಒಂದು ಕಲಂ ಸೇರಿಸಿಬಿಟ್ಟಾರ, ಆಮ್ಯಾಲ ನೆರಿ ಹಾನಿಗೆ ಕೋರ್ಟಿಗೆ ಹೋದವರಿಗೆ ಅದು ದೊಡ್ಡ ಅಡ್ಡಿ ಆತು. ಮತ್ತ 1936ರ ಫ್ಲಡ್ ಕಂಟ್ರೋಲ್ ಕಾಯ್ದೆ ನೆರಿ ತಡಿಯೂದು ದೇಶದ ಕೆಲಸ ಅಂತ ಒಪ್ಪಿಕೊಂಡಿತು, ಅದರ ಜೋಡಿ ಯೋಜನೆಯ ಲಾಭ ಖರ್ಚಿಗಿಂತ ಜಾಸ್ತಿ ಇರಬೇಕು ಅನ್ನೋ ಷರತ್ತೂ ಹಾಕಿತು. ಷರತ್ತು ಕೇಳಾಕ ಚಲೋ ಐತಿ. ಆದ್ರ ಲಾಭ ಲೆಕ್ಕ ಹಾಕೂದು ಉಳಿಯೂ ಆಸ್ತಿಯ ಬೆಲೆ ಮ್ಯಾಲ, ಹಂಗಾಗಿ ತುಟ್ಟಿ ಜಾಗಾದ ಶಹರ ಮೊದಲು ಉಳೀತೈತಿ, ಮಣ್ಣಿನ ಗ್ವಾಡಿಯ ಮನಿ ಇರೋ ಓಣಿ ಲೆಕ್ಕಕ್ಕ ಬರೂದಿಲ್ಲ. ಇದು ಅಲ್ಲಿಗಷ್ಟ ಅನ್ವಯ ಆಗೋ ಮಾತಲ್ಲ ಅಂತ ನನಗ ಅನಸತೈತಿ.

ಪ್ರಶ್ನೆ: ನೂರು ವರ್ಷಕ್ಕೊಮ್ಮೆ ಬರೋ ನೆರಿ ಅಂತಾರ. 2009ರಾಗೂ ಬಂತು, 2019ರಾಗೂ ಬಂತು. ಹಂಗಾದ್ರ ಆ ಮಾತು ಸುಳ್ಳೇನ್ರಿ?
– ಕಾಲೇಜ್ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಸುಳ್ಳಲ್ಲವಾ, ಹೇಳೂ ರೀತಿ ತಪ್ಪು. ಯಾವುದೇ ಒಂದು ವರ್ಷದಾಗ ಅಷ್ಟು ದೊಡ್ಡ ನೆರಿ ಬರೂ ಸಂಭವ 100ಕ್ಕ 1 ಅಂತ ಅದರ ಅರ್ಥ, ಈ ವರ್ಷ ಬಂತು ಅಂದ್ರ ಇನ್ನ 99 ವರ್ಷ ಆರಾಮ ಅಂತಲ್ಲ. 30 ವರ್ಷದ ಹೋಮ್ ಲೋನ್ ತಗೊಂಡು ಅಂಥಾ ಜಾಗಾದಾಗ ಮನಿ ಕಟ್ಟಿದ್ರ ಸಾಲ ತೀರೂದ್ರೊಳಗ ನೆರಿ ನೋಡೂ ಸಂಭವ ಸುಮಾರು 26 ಪರ್ಸೆಂಟ್, ಅಂದ್ರ ನಾಕು ಮನಿಗೆ ಒಂದು. ಅಮೆರಿಕಾ 1968ರಾಗ ಸರ್ಕಾರಿ ನೆರಿ ವಿಮಾ ಶುರು ಮಾಡಿದಾಗಿಂದ ಇದ ಗೆರಿ ಇಟಗೊಂಡು ನಕಾಶೆ ಮಾಡೂದು ನಡದೈತಿ. ತೊಂದರಿ ಏನಂದ್ರ ಗೆರಿಯ ಈ ಕಡೆ ಇದ್ದವರು ನಮಗ ಏನೂ ಆಗೂದಿಲ್ಲ ಅಂತ ತಿಳಕೋತಾರ, ನೀರಿಗೆ ಆ ಗೆರಿ ಗೊತ್ತಿರೂದಿಲ್ಲ. ಮತ್ತ ಆ ಗೆರಿ ಹಾಕೂದು ಹಿಂದಿನ ದಾಖಲಿ ನೋಡಿ, ಮಳಿ ಬೀಳೂ ರೀತಿನ ಬದಲಾದ್ರ, ಮ್ಯಾಲಿನ ಕಡೆ ಲೇಔಟ್ ಆಗಿ ಕಾಂಕ್ರೀಟ್ ಆದ್ರ ಲೆಕ್ಕನೂ ಹಳೇದಾಗತೈತಿ.

ಪ್ರಶ್ನೆ: ಮಿಸಿಸಿಪ್ಪಿ ದೊಡ್ಡ ಹೊಳಿ. ನಮ್ಮ ಬೆಣ್ಣಿಹಳ್ಳ ಹಳ್ಳ. ವರ್ಷದ ಹೆಚ್ಚಿನ ದಿನ ದಾಟಾಡತೀವಿ, ಮ್ಯಾಲ ಮಳಿ ಆದ್ರ ರಾತ್ರೋರಾತ್ರಿ ಎರಿ ಹೊಲ ಎಲ್ಲಾ ನೀರು. ಇಂಥಾದ್ದಕ್ಕ ಅಲ್ಲಿ ಏನರ ಮಾಡ್ಯಾರೇನ್ರಿ?
– ಓದುಗರು, ಯಮನೂರು ಕಡೆ, ನವಲಗುಂದ ತಾಲೂಕು

ಉತ್ತರ: ಈ ಪ್ರಶ್ನೆ ಬಂದಿದ್ದು ನನಗ ಭಾಳ ಖುಷಿ ಆತ್ರಿ, ಯಾಕಂದ್ರ ಅಮೆರಿಕಾದ ನೆರಿ ಇತಿಹಾಸದಾಗ ನನಗ ಎಲ್ಲಾಕ್ಕಿಂತ ಮೆಚ್ಚಿಕಿ ಆಗಿದ್ದು ಡೇಟನ್ ಊರಿನ ಕಥಿ.

ಓಹಾಯೊ ರಾಜ್ಯದ ಡೇಟನ್ ಊರು ಗ್ರೇಟ್ ಮಿಯಾಮಿ ಅನ್ನೋ ನಡುತರದ ಹೊಳಿ ಮ್ಯಾಲ ಐತಿ. 1913ರ ಮಾರ್ಚ್ ಕಡೇ ವಾರದಾಗ ಈಸ್ಟರ್ ಹಬ್ಬದ ಹೊತ್ತಿಗೆ ಜೋರು ಮಳಿ ಆಗಿ ಒಡ್ಡು ಒಡದು ಪ್ಯಾಟಿ ನಡುವ 20 ಫೂಟ್ ತನಕ ನೀರು ನಿಂತಿತು, ಆ ಕಣಿವಿಯಾಗ 360ಕ್ಕೂ ಹೆಚ್ಚು ಮಂದಿ ಸತ್ರು. ಮಂದಿ ಮನಿಯ ಮ್ಯಾಲಿನ ಅಟ್ಟಕ್ಕ ಹತ್ತಿ ಕುಂತು ಜೀವ ಉಳಿಸಿಕೊಂಡಿದ್ರು. ನೀರು ಇಳದ ಮ್ಯಾಲ ಸರ್ಕಾರದ ದಾರಿ ಕಾಯದ ಊರಿನವರ ವಂತಿಗಿ ಎತ್ತಿದ್ರು, ಅಟ್ಟದ ಮ್ಯಾಲ ಕುಂತಾಗ ಕೊಟ್ಟ ಮಾತು ನೆನಪಿಡ್ರಿ ಅಂತ ಊರ ತುಂಬ ಘೋಷಣಾ ಮಾಡಿ 20 ಲಕ್ಷ ಡಾಲರಿಗಿಂತ ಜಾಸ್ತಿ ಕೂಡಿಸಿದ್ರು. 1914ರಾಗ ಓಹಾಯೊ ರಾಜ್ಯ ಇದಕ್ಕಂತನ ಕಾಯ್ದೆ ಮಾಡಿತು, 1915ರಾಗ ಮಿಯಾಮಿ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್ ಆತು. ಜಿಲ್ಲಾ ಗಡಿ, ಮುನ್ಸಿಪಾಲ್ಟಿ ಗಡಿ ಬಿಟ್ಟು ಹೊಳಿ ಕಣಿವಿ ಪೂರಾ ಒಂದ ಸಂಸ್ಥಾ ಕೈಯಾಗ.

ಎಂಜಿನಿಯರು ಆರ್ಥರ್ ಮಾರ್ಗನ್. ಅವ ಮಾಡಿದ್ದು ಏನಂದ್ರ ಐದು ಮಣ್ಣಿನ ಡ್ಯಾಮು, 1922ಕ್ಕ ಮುಗದ್ವು, ಅವುಗಳ ಹಿಂದ ನೀರು ನಿಲ್ಲೂದಿಲ್ಲ. ಖಾಲಿ ಡ್ಯಾಮು. ಪ್ರತಿ ಡ್ಯಾಮಿನ ಬುಡಕ್ಕ ಸದಾ ತಗದಿರೋ ಕಾಂಕ್ರೀಟ್ ಕಿಂಡಿ ಇರತೈತಿ, ಗೇಟ್ ಇಲ್ಲ, ತಗಿಯೋರು ಮುಚ್ಚೋರು ಇಲ್ಲ, ಫೋನ್ ಮಾಡಿ ಯಾರನ್ನೂ ಎಬ್ಬಿಸೂದು ಬೇಕಾಗಿಲ್ಲ. ಮಾಮೂಲಿ ದಿನ ಹೊಳಿ ಅದರಾಗ ಹಾದು ಹೋಗತೈತಿ. ನೆರಿ ಬಂದಾಗ ಕಿಂಡಿಯಾಗ ಹಿಡಿಯೂವಷ್ಟು ನೀರು ಅಷ್ಟ ಕೆಳಗ ಹೋಗತೈತಿ, ಉಳದಿದ್ದು ಹಿಂದಿನ ಬಯಲಿನಾಗ ನಿಂತು ಮಳಿ ನಿಂತ ಮ್ಯಾಲ ತಾನ ಇಳೀತೈತಿ. ಆ ಬಯಲಿನಾಗ ಇವತ್ತಿಗೂ ಒಕ್ಕಲುತನ ನಡದೈತಿ, ಮನಿ ಕಟ್ಟಾಕ ಮಾತ್ರ ಬಿಡೂದಿಲ್ಲ. 1913ರಾಗ ಬಂದ ನೀರಿಗಿಂತ 40 ಪರ್ಸೆಂಟ್ ಜಾಸ್ತಿ ಬಂದ್ರೂ ತಡಕೋಬೇಕು ಅಂತ ಲೆಕ್ಕ ಹಾಕಿ ಕಟ್ಯಾರ. ಅಲ್ಲಿಂದ ಇಲ್ಲೀವರೆಗೆ 1913ರಂಥಾ ನೆರಿ ಡೇಟನ್ ಮತ್ತ ನೋಡಿಲ್ಲ.

ಇದ ಮಾರ್ಗನ್ 1933ರಾಗ ಟೆನಿಸೀ ವ್ಯಾಲಿ ಅಥಾರಿಟಿ ಅನ್ನೋ, ಟೆನಿಸೀ ಹೊಳಿ ಕಣಿವಿ ನೋಡಿಕೊಳ್ಳೋ ಸರ್ಕಾರಿ ಸಂಸ್ಥಾದ ಮೊದಲ ಅಧ್ಯಕ್ಷ ಆದ, ನಮ್ಮ ದಾಮೋದರ್ ವ್ಯಾಲಿ ಕಾರ್ಪೊರೇಷನ್ 1948ರಾಗ ಆಗಿದ್ದು ಅದರ ಮಾದರಿ ಮ್ಯಾಲೇ. ಮತ್ತ ಅದ ಹೊತ್ತಿಗೆ ಡಾ. ರಾಧಾಕೃಷ್ಣನ್ ಅವರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದ ಸದಸ್ಯನಾಗಿ ಆತ ಭಾರತಕ್ಕೂ ಬಂದಿದ್ದ.

ಬೆಣ್ಣಿಹಳ್ಳಕ್ಕ ಇದನ್ನ ಇದ್ದಂಗ ತಂದು ಕೂಡಸಾಕ ಬರೂದಿಲ್ರಿ, ನಮ್ಮದು ಸಪಾಟ ಎರಿ ಭೂಮಿ, ಡ್ಯಾಮಿಗೆ ಬೇಕಾದ ಕಣಿವಿ ಕಡಿಮಿ, ಮಣ್ಣು ಉಬ್ಬಿ ಬಿರಕು ಬಿಡೂವಂಥಾದ್ದು. ಆದ್ರ ಮ್ಯಾಲಿನ ಕಡೆ ಕೂಡೂ ಸಣ್ಣ ಹಳ್ಳಗಳ ಮ್ಯಾಲ ಗೇಟ್ ಇಲ್ಲದ, ಬುಡಕ್ಕ ಕಿಂಡಿ ಇರೋ ಸಣ್ಣ ತಡಿಗಳನ್ನ ಕಟ್ಟಿ, ನೀರನ್ನ ಒಂದೆರಡು ದಿನ ಮಾತ್ರ ತಡದು ಬಿಡೂ ವಿಚಾರ ನೋಡೂವಂಥಾದ್ದು ಐತಿ. ಹೂಳು ತಗದು, ಜಾಲಿ ಕಂಟಿ ಕಡದು ಹಳ್ಳ ಅಗಲ ಮಾಡೂ ಕೆಲಸನೂ ಬೇಕು, ಆದ್ರ ಅದನ್ನ ಒಂದೂರಿನವರಷ್ಟ ಮಾಡಿದ್ರ ನೀರು ಕೆಳಗಿನೂರಿಗೆ ಲಗೂನ ಮುಟ್ಟತೈತಿ. ಹುಬ್ಬಳ್ಳಿ ಕಡಿಂದ ಹಿಡದು ಮಲಪ್ರಭಾ ಕೂಡೂ ತನಕ ಪೂರಾ ಹಳ್ಳಕ್ಕ ಒಂದ ಯೋಜನೆ ಬೇಕು.

ಪ್ರಶ್ನೆ: ನಮ್ಮೂರ ಕೆರಿ ಕೋಡಿಗೆ ಮೀನು ಹೋಗಬಾರದಂತ ಬಲಿ ಕಟ್ಟಿ ಕಲ್ಲು ಪೇರಿಸ್ಯಾರ. ಹೇಳಿದ್ರ ಏನಾಗೂದಿಲ್ಲ ಬಿಡು ಅಂತಾರ. ಇದು ಅಪಾಯ ಹೌದೋ ಅಲ್ಲೋ?
– ಓದುಗರು, ಹಾನಗಲ್ಲ ತಾಲೂಕು, ಹಾವೇರಿ ಜಿಲ್ಲಾ

ಉತ್ತರ: ಹೌದ್ರಿ, ಇವತ್ತ ತಗಸ್ರಿ. ಪೆನ್ಸಿಲ್ವೇನಿಯಾದ ಜಾನ್ಸ್‌ಟೌನ್ ಊರಿನ ಮ್ಯಾಲ ಗುಡ್ಡದಾಗ ಸೌತ್ ಫೋರ್ಕ್ ಅಂತ ಮಣ್ಣಿನ ಡ್ಯಾಮ್ ಇತ್ತು. ಅದನ್ನ ಶ್ರೀಮಂತರ ಒಂದು ಮೀನು ಹಿಡಿಯೂ ಕ್ಲಬ್ ತಗೊಂಡಿತ್ತು, ಆಂಡ್ರೂ ಕಾರ್ನೆಗಿಯಂಥ ಉಕ್ಕಿನ ಧಣಿಗಳು ಅದರ ಸದಸ್ಯರು. ತಳದಾಗ ನೀರು ಬಿಡೂ ಕಬ್ಬಿಣದ ಪೈಪುಗಳನ್ನ ಹಿಂದಿನ ಮಾಲಕರು ಕಿತ್ತು ಮಾರಿದ್ರು, ಇವರು ತಿರುಗಿ ಹಾಕಲಿಲ್ಲ. ಬಂಡಿ ಓಡಾಡಲಿ ಅಂತ ಏರಿಯ ನೆತ್ತಿ ತಗ್ಗಿಸಿದ್ರು. ಮೀನು ತಪ್ಪಿಸಿಕೊಂಡು ಹೋಗಬಾರದಂತ ಕೋಡಿಗೆ ಜಾಳಿಗಿ ಹಾಕಿದ್ರು. 1889ರ ಮೇ 31ಕ್ಕ ಜೋರು ಮಳಿಗೆ ಕಸ ಕಡ್ಡಿ ಬಂದು ಆ ಜಾಳಿಗಿಗೆ ಸಿಕ್ಕೊಂಡು ಕೋಡಿ ಕಟ್ಟಿತು, ನೀರು ಏರಿ ಮ್ಯಾಲ ಹತ್ತಿ ಡ್ಯಾಮ್ ಒಡೀತು, ಸುಮಾರು ಒಂದು ತಾಸಿನಾಗ ನೀರು ಊರಿಗೆ ಬಡೀತು. ಸತ್ತವರು 2,209 ಮಂದಿ. ಕ್ಲಬ್ಬಿನವರ ಮ್ಯಾಲ ಯಾವ ಕೋರ್ಟಿನಾಗೂ ಹೊಣಿ ಸಾಬೀತ ಆಗಲಿಲ್ಲ. ಏರಿ ಮ್ಯಾಲ ನೀರು ಹರದ್ರ ಮಣ್ಣಿನ ಕಟ್ಟಿ ಉಳಿಯೂದಿಲ್ರಿ. ಫೋಟೋ ತಗದು ಅರ್ಜಿ ಜೋಡಿ ಪಂಚಾಯ್ತಿಗೂ ತಹಶೀಲ್ದಾರ ಕಚೇರಿಗೂ ಕೊಟ್ಟು ಸ್ವೀಕೃತಿ ಸಹಿ ತಗೋರಿ.

ಪ್ರಶ್ನೆ: ಹಿಂದಿನ ನೆರಿ ಆದಮ್ಯಾಲ ನಮಗ ಎತ್ತರದಾಗ ಮನಿ ಕಟ್ಟಿಕೊಟ್ರು. ದನ ಕಟ್ಟಾಕ ಜಾಗಾ ಇಲ್ಲ, ಹೊಲ ದೂರ, ಅರ್ಧ ಮಂದಿ ತಿರುಗಿ ಹಳೇ ಊರಿಗೇ ಬಂದೀವಿ. ಅಮೆರಿಕಾದಾಗ ಊರು ಎತ್ತಿ ಇಟ್ಟಿದ್ದು ಎಲ್ಲೆರ ಬಾಳೇವು ಮಾಡೈತೇನ್ರಿ?
– ಓದುಗರು, ಕೊಣ್ಣೂರು ಕಡೆ, ನರಗುಂದ ತಾಲೂಕು

ಉತ್ತರ: ಮಾಡೈತ್ರಿ. ಮ್ಯಾಲ ಹೇಳಿದ ಮಿಯಾಮಿ ಡ್ಯಾಮುಗಳ ಬಯಲಿನಾಗ ಆಸ್ಬೋರ್ನ್ ಅನ್ನೋ ಊರು ಬರತಿತ್ತು, ಅಲ್ಲಿನವರು ಬ್ಯಾರೆ ಮನಿ ಕೇಳಲಿಲ್ಲ, ತಮ್ಮ ಕಟ್ಟಿಗಿ ಮನಿಗಳನ್ನ ಬುಡದಿಂದ ಎಬ್ಬಿಸಿ ಎಳಕೊಂಡು ಹೋಗಿ ಎತ್ತರದಾಗ ಹೊಸ ಓಣಿ ಮಾಡಿಕೊಂಡ್ರು, ಇವತ್ತು ಅದು ಫೇರ್‌ಬಾರ್ನ್ ಅನ್ನೋ ಊರಿನಾಗ ಕೂಡೈತಿ. ಆಮ್ಯಾಲ 1993. ಆ ವರ್ಷ ಸೇಂಟ್ ಲೂಯಿಸ್‌ದಾಗ ಹೊಳಿ 30 ಫೂಟಿಗೆ ನೆರಿ ಅಂತ ಲೆಕ್ಕ ಇದ್ದಿದ್ದು 49.58 ಫೂಟ್ ತನಕ ಏರಿತು, ಇಲಿನಾಯ್ ರಾಜ್ಯದ ವಾಲ್ಮೇಯರ್ ಅನ್ನೋ ಸುಮಾರು 900 ಮಂದಿಯ ಊರಿನ ಒಡ್ಡು ಒಡದು ಊರು ಹಾಳಾತು. ಅವರು ಎರಡು ಮೈಲಿ ದೂರ, ಸುಮಾರು 400 ಫೂಟ್ ಎತ್ತರದ ದಿಬ್ಬಕ್ಕ ಹೋಗೂಣು ಅಂತ ತಾವ ಓಟ್ ಹಾಕಿ ಠರಾಯಿಸಿದ್ರು. ಓಣಿ ಎಲ್ಲೆ, ಸಾಲಿ ಎಲ್ಲೆ, ಚರ್ಚ್ ಎಲ್ಲೆ, ಯಾರ ಮನಿ ಪಕ್ಕ ಯಾರದು ಅಂತ ಊರಿನವರ ಕಮಿಟಿ ಕುಂತು ನಕಾಶೆ ಮಾಡಿತು. ರೊಕ್ಕ ಕೇಂದ್ರ ಮತ್ತ ರಾಜ್ಯ ಸರ್ಕಾರದ್ದು, ಹಳೇ ಜಾಗಾ ಸರ್ಕಾರ ಖರೀದಿ ಮಾಡಿ ಮತ್ತ ಅಲ್ಲಿ ಮನಿ ಆಗದಂಗ ಮಾಡಿತು, ಕೆಳಗಿನ ಹೊಲಗಳಾಗ ಒಕ್ಕಲುತನ ಹಂಗ ಮುಂದುವರೀತು. ಎಲ್ಲಾರೂ ಹೋಗಲಿಲ್ಲ, ಕೆಲವರು ಬ್ಯಾರೆ ಊರು ಹಿಡದ್ರು, ಹೊಸ ಊರು ತಯಾರಾಗಾಕ ಕೆಲವು ವರ್ಷ ತಗೊಂಡ್ವು, ಆ ವರ್ಷಗಳನ್ನ ಮಂದಿ ತಾತ್ಪೂರ್ತಿ ಮನಿಗಳಾಗ ತಗದ್ರು.

ನೀವು ಬರದಿದ್ದರಾಗನ ಉತ್ತರ ಐತಿ ನೋಡ್ರಿ: ದನದ ಕೊಟಗಿ, ಹೊಲಕ್ಕ ಹೋಗೂ ದಾರಿ, ಕಣ. ಇವನ್ನ ಕೇಳದ ಕಟ್ಟಿದ ಮನಿಯಾಗ ಒಕ್ಕಲಿಗ ಇರೂದು ಹೆಂಗ. ಹಂಗಂತ ಹಳೇ ಊರಿನಾಗ ಮಲಗೂದು ಬಿಡ್ರಿ ಅಂತ ಕೈ ಮುಗದು ಕೇಳತೀನಿ, ಅದರಾಗೂ ಮುದುಕರು, ಬಾಣಂತ್ಯಾರು, ಸಣ್ಣ ಹುಡುಗರು ಇರೋ ಮನಿಯವರು ಮಳಿಗಾಲದಾಗ ಡ್ಯಾಮ್ ತುಂಬಾಕ ಬಂದೈತಿ ಅಂತ ಸುದ್ದಿ ಬಂದ ಕೂಡ್ಲೇ ಮ್ಯಾಲ ಹೋಗಿಬಿಡ್ರಿ. ಮುಂದಿನ ಗ್ರಾಮಸಭಾದಾಗ ಪ್ರತಿ ಮನಿಗೆ ಕೊಟಗಿ ಜಾಗಾ ಎಷ್ಟು ಬೇಕು, ಹೊಲದ ದಾರಿ ಎಲ್ಲಿಂದ ಎಲ್ಲಿಗೆ ಬೇಕು ಅಂತ ಅಳತಿ ಸಮೇತ ಠರಾವು ಬರಿಸಿ ಪ್ರತಿ ತಗೋರಿ. ಆ ಠರಾವಿನ ಪ್ರತಿ ನಮಗೂ ಕಳಸ್ರಿ, ಇದ ಅಂಕಣದಾಗ ಹಾಕತೀವಿ.